ಪೃಷ್ಠಗ್ರೀವಾವ್ಯಥೆಯೂ ದೇಹಸ್ಥೈರ್ಯವೂ

ಮನುಷ್ಯನು ಎರಡು ಅಂಗಾಲುಗಳಷ್ಟು ನೆಲವನ್ನು ಆಶ್ರಯಿಸಿ ನೆಟ್ಟಗೆ ನಿಲ್ಲುವನು. ಈ ನಿಲುವು ಅವನಿಗೆ ಎಷ್ಟು ಸಹಜವಾಗಿರುವುದೆಂದರೆ ಅದೂ ಒಂದು ಕಾರ್ಯವೆಂದು ಅವನಿಗೆ ತೋರುವುದೇ ಇಲ್ಲ. ಕತ್ತು ಹಿಡಿದುಕೊಂಡಾಗ, ಸೊಂಟ ಉಳುಕಿದಾಗ, ಅದು ಕಾರ್ಯವೆಂಬುದು ತಿಳಿಯಬರುತ್ತದೆ. ಆಗ ರೋಗಿಗಳು ನೋವನ್ನು ಹೇಳುವುದರ ಜೊತೆಗೆ ಇನ್ನೊಂದು ಉಪದ್ರವವನ್ನೂ ಹೇಳುವುದುಂಟು: ಕಾಲಕೆಳಗಿನ ನೆಲ ಗಟ್ಟಿಯಾಗಿಲ್ಲವೆಂಬಂತೆ ತೋರುವುದು, ಥಟ್ಟನೆ ಹಿಂತಿರುಗಿ ನೋಡಿದರೆ ಆಯ ತಪ್ಪುವುದು, ಕತ್ತಲಲ್ಲಿ ನಡೆದರೆ ಜೋಲಿ ಹೊಡೆಯುವುದು. ನೋವಿನ ಮಾತನ್ನು ವೈದ್ಯರು ಎಲ್ಲ ಕಾಲದಲ್ಲಿಯೂ ಕೇಳಿರುವರು. ಈ ಎರಡನೆಯ ಮಾತನ್ನು ಮಾತ್ರ ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಾಗಲೂ ಅದನ್ನು ಕಿವಿಯ ರೋಗವೆಂದೋ ಮಿದುಳಿನ ರೋಗವೆಂದೋ, ಕೆಲವು ವೇಳೆ ಮನಸ್ಸಿನ ಕಲ್ಪನೆಯೆಂದೋ ಎಣಿಸಿದರು. ಬೆನ್ನು ಕತ್ತುಗಳಿಗೂ ದೇಹದ ಸ್ಥೈರ್ಯಕ್ಕೂ ಇರುವ ಸಂಬಂಧವು ಹೇಗೆ ಬೆಳಕಿಗೆ ಬಂದಿತೆಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಶಬ್ದಗಳನ್ನು ಪರಿಶೀಲಿಸಬೇಕು. ಕನ್ನಡಿಗರು 'ಸೊಂಟ ಹಿಡಿದಿದೆ', 'ಕತ್ತು ಹಿಡಿದಿದೆ' ಎನ್ನುವರು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದೇ ಭಾವವು ಪೃಷ್ಠಗ್ರಹ, ತ್ರಿಕಗ್ರಹ ಎಂಬ ಹೆಸರುಗಳಲ್ಲಿ ಕಂಡುಬರುವುದು. ಗ್ರಹವೆಂದರೆ ಹಿಡಿತವೇ ಸರಿ. ಕತ್ತಿನ ವ್ಯಾಧಿಗಾದರೋ ಗ್ರೀವಾಸ್ತಂಭ, ಮನ್ಯಾಸ್ತಂಭ ಎಂದು ಸ್ತಂಭಶಬ್ದದಿಂದ ಹೆಸರಿಟ್ಟಿರುವರು. ಹಿಡಿತ, ಸ್ತಂಭ ಎಂಬ ಈ ಎರಡು ಮಾತುಗಳೂ ನೋವನ್ನು ಹೇಳತಕ್ಕವಲ್ಲ, ಚಲನೆಯು ಕುಂಠಿತವಾದುದನ್ನು ಹೇಳತಕ್ಕವು. ಹೆಸರಿಟ್ಟವರ ಕಣ್ಣು ವೇದನೆಗಿಂತ ಮೊದಲು ಚೇಷ್ಟೆಯ ಮೇಲೆ ಬಿದ್ದಿತ್ತೆಂಬುದು ಇದರಿಂದ ಸ್ಪಷ್ಟ. ಇನ್ನು ಸ್ನಾಯು ಎಂಬ ಶಬ್ದ. ಈಗಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡವೆಂದು ಅರ್ಥಮಾಡುವರು. ಸುಶ್ರುತಸಂಹಿತೆಯಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು. ಸ್ನಾಯುವು ಅಸ್ಥಿಸಂಧಿಗಳನ್ನು ಕಟ್ಟಿಹಿಡಿಯುವ ಬಂಧನ. ಈ ಭೇದವನ್ನು ಮರೆತು ಓದಿದರೆ ಮುಂದೆ ಹೇಳುವ ಮಾತು ತಲೆಕೆಳಗಾಗುವುದು.

ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಸುಶ್ರುತನು ಸ್ನಾಯುಗಳು 900 ಎಂದು ಎಣಿಸಿ, ಕೈಕಾಲುಗಳಲ್ಲಿ 600, ಮಧ್ಯಕಾಯದಲ್ಲಿ 230, ಕತ್ತಿನಿಂದ ಮೇಲೆ 70 ಎಂದು ವಿಭಾಗಿಸುವನು. ಮಧ್ಯಕಾಯದ 230ರಲ್ಲಿ ಕಟಿಗೆ 60, ಬೆನ್ನಿಗೆ 80, ಪಾರ್ಶ್ವಗಳಿಗೆ 60, ಎದೆಗೆ 30. ಮೇಲಿನ 70ರಲ್ಲಿ ಕತ್ತಿಗೆ 36, ತಲೆಗೆ 34. ಈ ಸಂಖ್ಯೆಗಳನ್ನು ಇಂದಿನ ಶಾರೀರಶಾಸ್ತ್ರದ ಪಟ್ಟಿಯೊಡನೆ ತಾಳೆನೋಡುವುದು ವ್ಯರ್ಥಪ್ರಯಾಸ. ಎಣಿಕೆಯ ಕ್ರಮವೇ ಬೇರೆ. ಆದರೆ ಮಧ್ಯಕಾಯದ ಬಂಧನಗಳಲ್ಲಿ ಬೆನ್ನು ಸೊಂಟಗಳ ಪಾಲೇ ಅರ್ಧಕ್ಕೆ ಮೀರಿದುದೆಂಬುದೂ, ತಲೆಗಿಂತ ಬಲು ಸಣ್ಣದಾದ ಕತ್ತಿಗೆ ತಲೆಗಿಂತ ಹೆಚ್ಚು ಬಂಧನಗಳನ್ನು ಹೇಳಿರುವನೆಂಬುದೂ ಗಮನಾರ್ಹ.

ಇದಕ್ಕೆ ಅವನು ಕೊಡುವ ದೃಷ್ಟಾಂತವು ದೋಣಿಯದು. ಹಲಗೆಗಳನ್ನು ಹಾಸಿ ಅನೇಕ ಕಟ್ಟುಗಳಿಂದ ಚೆನ್ನಾಗಿ ಬಿಗಿದ ದೋಣಿಯು ನೀರಿನಲ್ಲಿ ಜನರನ್ನೂ ಭಾರವನ್ನೂ ಹೊರಲು ಸಮರ್ಥವಾಗುವಂತೆ, ಸಂಧಿಗಳೆಲ್ಲ ಬಹುಸ್ನಾಯುಗಳಿಂದ ಕಟ್ಟಲ್ಪಟ್ಟಿರುವುದರಿಂದ ಮನುಷ್ಯರು ಭಾರವನ್ನು ಸಹಿಸುವರೆಂಬುದು ಅದರ ತಾತ್ಪರ್ಯ. ಎಲುಬು, ಪೇಶಿ, ಸಿರೆ, ಸಂಧಿ ಇವುಗಳಿಗೆ ಒದಗಿದ ಕೇಡಿಗಿಂತ ಸ್ನಾಯುವಿಗೆ ಒದಗಿದ ಕೇಡೇ ದೇಹಿಗೆ ಹೆಚ್ಚು ಘಾತುಕವೆಂದೂ ಅಲ್ಲಿಯೇ ಹೇಳಿದೆ. ಕಬ್ಬಿಣದ ಮೊಳೆ ಹೊಡೆದ ದೋಣಿಯನ್ನು ಮಾತ್ರ ನೋಡಿದ ಓದುಗನಿಗೆ ಈ ಉಪಮಾನದ ಬಿಗಿ ಹತ್ತದು. ಇಂಡಿಯಾ ಯೆಮೆನ್ ದೇಶಗಳ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದು 14ನೆಯ ಶತಮಾನದ ಯಾತ್ರಿಕನಾದ ಇಬ್ನ್ ಬತೂತನು ಬರೆದಿರುವನು; ಅವನು ಹೊನ್ನಾವರದಲ್ಲಿಯೂ ತಂಗಿದ್ದವನು. ಅಂಥ ಹೊಲಿದ ದೋಣಿಯಲ್ಲಿ ಹಲಗೆ ಎಷ್ಟು ಗಟ್ಟಿಯಾಗಿದ್ದರೂ ಕಟ್ಟು ಸಡಿಲವಾದರೆ ಕೆಲಸ ಕೆಟ್ಟಿತು. ಇನ್ನೂ ಒಂದು ಮಾತು. ದೋಣಿಯು ಕಟ್ಟಡದಂತೆ ಅಚಲವಲ್ಲ. ಅಲೆಗೆ ತಕ್ಕಂತೆ ಓಲಾಡುತ್ತಲೇ ಮುಳುಗದೆ ನಿಲ್ಲುವುದು. ದೇಹಕ್ಕೆ ಮನೆಯ ದೃಷ್ಟಾಂತವನ್ನು ಕೊಡದೆ ದೋಣಿಯ ದೃಷ್ಟಾಂತವನ್ನು ಕೊಟ್ಟುದು ಔಚಿತ್ಯವುಳ್ಳದ್ದು.

ಮರುಅಧ್ಯಾಯದಲ್ಲಿ ಮರ್ಮಗಳ ವಿಚಾರ ಬರುವುದು. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಜಘನದ ಹೊರಭಾಗದಲ್ಲಿರುವ ಕುಕುಂದರವೆಂಬ ಮರ್ಮಕ್ಕೆ ಪೆಟ್ಟು ಬಿದ್ದರೆ ಕೆಳಮೈಯಲ್ಲಿ ಸ್ಪರ್ಶಜ್ಞಾನವಿಲ್ಲದಿರುವುದು, ಚೇಷ್ಟೆ ಕೆಡುವುದು ಎಂದಿದೆ. ಸ್ಪರ್ಶಜ್ಞಾನವನ್ನೂ ಚೇಷ್ಟೆಯನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ನೆನಪಿನಲ್ಲಿಡಬೇಕು. ತಲೆಯೂ ಕತ್ತೂ ಕೂಡುವೆಡೆಯಲ್ಲಿ ಕೃಕಾಟಿಕವೆಂಬ ಎರಡು ಮರ್ಮಗಳು. ಅವಕ್ಕೆ ಪೆಟ್ಟು ಬಿದ್ದರೆ 'ಚಲಮೂರ್ಧತೆ', ಎಂದರೆ ತಲೆಯು ಸ್ಥಿರವಾಗಿ ನಿಲ್ಲದೆ ಅಲುಗಾಡುವುದು. ಇದನ್ನು ಪ್ರಾಣಹರಮರ್ಮಗಳಲ್ಲಿ ಸೇರಿಸದೆ ವೈಕಲ್ಯಕರಮರ್ಮಗಳಲ್ಲಿ ಸೇರಿಸಿರುವನು. ರೋಗಿಯು ಸಾಯುವುದಿಲ್ಲ, ಊನದೊಡನೆ ಬದುಕುವನು ಎಂಬುದು ಅದರ ಅಭಿಪ್ರಾಯ.

ವಾತವ್ಯಾಧಿಪ್ರಕರಣದಲ್ಲಿಯೂ ಪ್ರಕೃತಕ್ಕೆ ಬೇಕಾದ ಸಾಮಗ್ರಿಯಿದೆ. ಮನ್ಯಾಸ್ತಂಭಕ್ಕೆ ಹಗಲುನಿದ್ರೆ, ಕೆಟ್ಟ ರೀತಿಯಲ್ಲಿ ಕೂಡುವುದು ನಿಲ್ಲುವುದು, ಕತ್ತೆತ್ತಿ ಮೇಲೆ ನೋಡುತ್ತಿರುವುದು ಇವು ಕಾರಣಗಳೆಂದು ನಿದಾನಸ್ಥಾನದ ಮೊದಲನೆಯ ಅಧ್ಯಾಯ ಹೇಳುವುದು. ಕಟಿಯನ್ನು ಆಶ್ರಯಿಸಿದ ವಾಯುವು ತೊಡೆಯ ಕಂಡರವನ್ನು ಸೆಳೆದರೆ ಖಂಜನೂ, ಎರಡು ತೊಡೆಗಳಲ್ಲಿಯೂ ಹಾಗಾದರೆ ಪಂಗುವೂ ಆಗುವನು. ನಡೆಯಲು ಹೊರಟೊಡನೆ ನಡುಗಿ, ಕುಂಟುವವನಂತೆ ಹೋಗುವವನಿಗೆ ಕಲಾಯಖಂಜನೆಂದು ಹೆಸರು; ಅವನ ಸಂಧಿಬಂಧಗಳು ಸಡಿಲಿರುವುವೆಂದು ವಿವರಣೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಾತವಿಕಾರಗಳು 80 ಎಂದು ಪಟ್ಟಿಮಾಡಿರುವ ಸ್ಥಳದಲ್ಲಿ ತ್ರಿಕಗ್ರಹ, ಪೃಷ್ಠಗ್ರಹ, ಗ್ರೀವಾಸ್ತಂಭ, ಮನ್ಯಾಸ್ತಂಭಗಳೂ ಇವೆ. ಭ್ರಮ, ವೇಪಥು ಎಂಬುವೂ ಇವೆ. ಭ್ರಮವೆಂದರೆ ತಲೆತಿರುಗು. ಕತ್ತಿನ ಹಿಡಿತವೂ ತಲೆತಿರುಗೂ ಒಂದೇ ದೋಷದ ಸಂತಾನವೆಂದಾಯಿತು.

ಆದರೆ ಒಂದು ತಾಯಿಯ ಮಕ್ಕಳೆಂದ ಮಾತ್ರಕ್ಕೆ ಒಬ್ಬನಿಂದ ಇನ್ನೊಬ್ಬನು ಹುಟ್ಟಿದನೆಂದು ಹೇಳಿದಂತಾಗಲಿಲ್ಲ. ಗ್ರೀವಾಸ್ತಂಭದಿಂದ ಭ್ರಮವುಂಟಾಗುವುದೆಂದು ಈ ಪಟ್ಟಿ ಹೇಳುವುದಿಲ್ಲ. ಸುಶ್ರುತನಾದರೋ ಭ್ರಮಕ್ಕೆ ರಜೋಗುಣ, ಪಿತ್ತ, ವಾಯುಗಳನ್ನು ಕಾರಣವಾಗಿ ಹೇಳಿರುವನು. ಕತ್ತಿನ ಪ್ರಸ್ತಾಪವೇ ಅಲ್ಲಿಲ್ಲ. ಚಲಮೂರ್ಧತೆಯೂ ತಲೆಯ ಅಸ್ಥೈರ್ಯವೇ ಹೊರತು ಇಡಿಯ ದೇಹದ ಅಸ್ಥೈರ್ಯವಲ್ಲ. ಪಾಶ್ಚಾತ್ಯರು ಕಂಡುಹಿಡಿದುದೆಲ್ಲವೂ ಸಂಹಿತೆಗಳಲ್ಲಿ ಮೊದಲೇ ಇದೆಯೆಂದು ಹೇಳಿ ತೃಪ್ತಿಪಡುವವರು ಕೆಲವರುಂಟು. ಇಲ್ಲದ ಅರ್ಥವನ್ನು ಹೇರುವುದು ಋಷಿಗಳಿಗೆ ಸಲ್ಲಿಸುವ ಗೌರವವಲ್ಲ. ಅವರು ಕಂಡುದನ್ನು ಕಂಡಷ್ಟೇ ಹೇಳಿದರು: ದೇಹದ ಭಾರಕ್ಷಮತೆ ಬಂಧನಗಳಲ್ಲಿದೆ, ತಲೆಕತ್ತುಗಳ ಸಂಧಿಯು ತಲೆಯ ನಿಲುವಿಗೆ ಆಧಾರ, ಬೆನ್ನಿನ ಒಂದು ಸ್ಥಾನ ಕೆಟ್ಟರೆ ಕೆಳಮೈಯ ಸ್ಪರ್ಶವೂ ಚೇಷ್ಟೆಯೂ ಒಟ್ಟಿಗೆ ಕೆಡುವುವು. ಇದು ಅಲ್ಪವೇನೂ ಅಲ್ಲ.

ವ್ಯಾಧಿ ತೋರುವ ಸ್ಥಳ ಒಂದು, ಅದರ ಮೂಲ ಇನ್ನೊಂದು ಎಂಬ ತತ್ತ್ವಕ್ಕೆ ಯವನ ವೈದ್ಯದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಕ್ರಿಸ್ತಶಕ 2ನೆಯ ಶತಮಾನದಲ್ಲಿ ರೋಮಾನಗರದಲ್ಲಿದ್ದ ಗೇಲನನ ಬಳಿಗೆ ಸಿರಿಯಾದೇಶದ ಪೌಸೇನಿಯಸನೆಂಬ ವಿದ್ವಾಂಸನು ಬಂದನು. ಅವನ ಒಂದು ಕೈಯ ಕಿರುಬೆರಳು, ಉಂಗುರಬೆರಳು, ನಡುಬೆರಳಿನ ಅರ್ಧ ಇವು ಜೋಮುಹಿಡಿದಿದ್ದುವು. ಬೇರೆ ವೈದ್ಯರು ಬೆರಳುಗಳಿಗೇ ಔಷಧಿ ಹಚ್ಚಿ ಸೋತಿದ್ದರು. ಗೇಲನನು ಹಿಂದಿನ ವೃತ್ತಾಂತವನ್ನು ಕೇಳಲಾಗಿ, ರೋಗಿಯು ಬಂಡಿಯಿಂದ ಬಿದ್ದು ಮೇಲ್ಬೆನ್ನಿಗೆ ಪೆಟ್ಟುಮಾಡಿಕೊಂಡಿದ್ದನೆಂದು ತಿಳಿಯಿತು. ಬೆರಳಿಗೆ ಹಚ್ಚುತ್ತಿದ್ದ ಔಷಧಿಯನ್ನೇ ಬೆನ್ನೆಲುಬಿನ ಆ ಸ್ಥಾನಕ್ಕೆ ಹಚ್ಚಿಸಿ ಗುಣಪಡಿಸಿದೆನೆಂದು ಅವನು ಬರೆದಿಟ್ಟಿರುವನು. ಔಷಧಿಯ ಗುಣವನ್ನು ಈಗಿನವರು ನಂಬಲಿಕ್ಕಿಲ್ಲ. ಸ್ಥಾನನಿರ್ಣಯವು ಮಾತ್ರ ಸರಿಯಾದುದು.

ಸ್ಥೈರ್ಯದ ವಿಷಯದಲ್ಲಿ ಇಂಥ ಸ್ಥಾನನಿರ್ಣಯಕ್ಕೆ 19ನೆಯ ಶತಮಾನದವರೆಗೆ ಕಾಯಬೇಕಾಯಿತು. ಆ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ಪ್ಯಾರಿಸ್ ನಗರವು ಶಾರೀರಪ್ರಯೋಗಗಳಿಗೆ ಕೇಂದ್ರವಾಗಿತ್ತು. ಅಲ್ಲಿ ಫ್ಲೂರಾನ್ಸನು ಪಾರಿವಾಳಗಳ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿದಾಗ ಅವು ತಲೆಯನ್ನು ವಿಚಿತ್ರವಾಗಿ ತೂಗಾಡಿಸುತ್ತ ನಿಲ್ಲಲಾರದೆ ಹೋದುವು. ಅದೇ ಕಾಲದಲ್ಲಿ ಮಜಾಂದಿಯು ಮಿದುಳು ಬೆನ್ನುಹುರಿಗಳನ್ನು ಸುತ್ತುವರಿದಿರುವ ದ್ರವವನ್ನು ಪರೀಕ್ಷಿಸುತ್ತಿದ್ದನು. ಪ್ರಾಣಿಯ ಹೆಕ್ಕತ್ತನ್ನು ಕೊಯ್ದು, ಪೊರೆಯನ್ನು ತೆರೆದು, ದ್ರವವನ್ನು ಹೊರಕ್ಕೆ ಹರಿಸಿದರೆ ಆ ಪ್ರಾಣಿ ಕುಡಿದವರಂತೆ ತೂರಾಡುವುದು ಅವನಿಗೆ ಕಂಡಿತು. ಆದುದರಿಂದ ದೇಹದ ಸ್ಥೈರ್ಯಕ್ಕೆ ಆ ದ್ರವವೇ ಆಧಾರವೆಂದು ಅವನು ನಿರ್ಣಯಿಸಿದನು. ಮಜಾಂದಿಯು ಸಾಮಾನ್ಯನಲ್ಲ, ಆ ಕಾಲದ ಪ್ರಯೋಗಶಾಸ್ತ್ರಜ್ಞರಲ್ಲಿ ಅಗ್ರಗಣ್ಯನು. ಅವನ ಮಾತಿಗೆ ಎದುರಾಡುವುದು ಸುಲಭವಾಗಿರಲಿಲ್ಲ.

ಎದುರಾಡಿದವನು ಲೊಂಜೆ ಎಂಬ ವಿದ್ವಾಂಸನು. ಅವನು 1845ರಲ್ಲಿ ಪ್ರಕಟಿಸಿದ ಪ್ರಬಂಧದ ಹೆಸರೇ ಅವನ ಪಕ್ಷವನ್ನು ತಿಳಿಸುವುದು: ಹೆಕ್ಕತ್ತಿನ ಮೃದುಭಾಗಗಳನ್ನು ಕತ್ತರಿಸಿದ ಮೇಲೆ ಪ್ರಾಣಿಗಳ ಸಮತೋಲ, ನಿಲುವು, ನಡಿಗೆಗಳಲ್ಲಿ ಉಂಟಾಗುವ ವಿಕಾರಗಳು. ದ್ರವವನ್ನು ಮುಟ್ಟುವುದಕ್ಕೆ ಮೊದಲು ಪ್ರಯೋಗಕಾರನು ಕತ್ತಿನ ಹಿಂದಣ ಪೇಶಿಗಳನ್ನು ಕತ್ತರಿಸಲೇಬೇಕಷ್ಟೆ. ಆ ಪೇಶಿಗಳನ್ನು ಮಾತ್ರ ಕತ್ತರಿಸಿ ದ್ರವವನ್ನು ಹಾಗೆಯೇ ಬಿಟ್ಟರೆ ಏನಾಗುವುದೆಂದು ಲೊಂಜೆ ಪರೀಕ್ಷಿಸಿದನು. ಪ್ರಾಣಿಗಳು ಹಿಂದಿನಂತೆಯೇ ತೂರಾಡಿದುವು! ದ್ರವದ ಮೇಲೆ ಹೊರಿಸಿದ್ದ ಅಪರಾಧವು ಅದನ್ನು ಹುಡುಕಿಕೊಂಡು ಹೋದ ಕತ್ತಿಯದಾಗಿತ್ತು. ನೈಯಾಯಿಕರು ಇಂಥದನ್ನು ಅನ್ಯಥಾಸಿದ್ಧವೆಂದು ಕರೆಯುವರು: ಕಾರ್ಯದ ಜೊತೆಯಲ್ಲಿ ಕಂಡುಬಂದರೂ ಅದು ಕಾರಣವಲ್ಲ.

ಆಶ್ಚರ್ಯವೆಂದರೆ ಇಷ್ಟು ಚೊಕ್ಕವಾದ ಪ್ರಯೋಗಕ್ಕೆ ತಕ್ಕಷ್ಟು ಸಂತತಿ ಬೇಗನೆ ಹುಟ್ಟಲಿಲ್ಲ. 1861ರಲ್ಲಿ ಮೆನ್ಯೇರನು ತಲೆಸುತ್ತಿನ ಒಂದು ರೋಗಕ್ಕೆ ಒಳಕಿವಿಯೇ ಮೂಲವೆಂದು ತೋರಿಸಿದನು. 1870ರ ದಶಕದಲ್ಲಿ ಗೋಲ್ಟ್ಸ್, ಮಾಖ್, ಬ್ರಾಯರ್, ಕ್ರಮ್ ಬ್ರೌನ್ ಇವರು ಅರ್ಧವೃತ್ತನಾಳಗಳು ಕೇಳುವುದಕ್ಕಲ್ಲ, ತಲೆಯ ಚಲನೆಯನ್ನು ತಿಳಿಯುವುದಕ್ಕೆ ಇರತಕ್ಕವೆಂದು ಸ್ಥಾಪಿಸಿದರು. ಅಲ್ಲಿಂದ ಮುಂದೆ ಸ್ಥೈರ್ಯವೆಂದರೆ ಕಿವಿ ಎಂದಾಯಿತು. ಒಳಕಿವಿಯ ಸಂಶೋಧನೆಗಾಗಿ ಬಾರಾನಿಗೆ 1914ರ ನೊಬೆಲ್ ಪಾರಿತೋಷಕವೂ ದೊರೆಯಿತು. ಇದು ನ್ಯಾಯವಾದ ಗೌರವವೇ. ಆದರೆ ಕಿವಿಯ ಕೀರ್ತಿಯ ನೆರಳಿನಲ್ಲಿ ಕತ್ತು ಮರೆಯಾಯಿತು.

ಈ ಮರೆವಿನ ಫಲವನ್ನು ಅನುಭವಿಸಿದವರು ರೋಗಿಗಳು. ಇಂಗ್ಲೆಂಡಿನಲ್ಲಿ ರೈಲುದಾರಿಗಳು ಹರಡಿದ ಮೇಲೆ ಅಪಘಾತಗಳೂ ಹೆಚ್ಚಿದುವು. ಡಿಕ್ಕಿಯಲ್ಲಿ ಎಲುಬು ಮುರಿಯದೆ, ರಕ್ತ ಬರದೆ, ಎದ್ದು ಮನೆಗೆ ನಡೆದುಹೋದವರು ಕೆಲವು ದಿನಗಳ ಮೇಲೆ ಬೆನ್ನುನೋವು, ದೌರ್ಬಲ್ಯ, ನಡಿಗೆಯ ಅಭದ್ರತೆ ಮೊದಲಾದುವನ್ನು ಹೇಳಿಕೊಂಡು ಬರತೊಡಗಿದರು. ಲಂಡನ್ನಿನ ಶಸ್ತ್ರವೈದ್ಯನಾದ ಎರಿಕ್ಸೆನ್ ಎಂಬುವನು 1866ರಲ್ಲಿ ಈ ವಿಷಯವಾಗಿ ಉಪನ್ಯಾಸಗಳನ್ನು ಪ್ರಕಟಿಸಿ, ಅಲುಗಾಟದಿಂದ ಬೆನ್ನುಹುರಿಗೆ ಕಣ್ಣಿಗೆ ಕಾಣದ ಕೇಡು ಆಗುವುದೆಂದು ವಾದಿಸಿದನು. ಈ ವ್ಯಾಧಿಗೆ 'ರೈಲ್ವೆ ಬೆನ್ನು' ಎಂಬ ಹೆಸರೇ ಬಿದ್ದಿತು. ಪರಿಹಾರದ ಹಣಕ್ಕಾಗಿ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆದುವು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಶಸ್ತ್ರವೈದ್ಯನು, ಇವನು ರೈಲ್ವೆ ಕಂಪೆನಿಯೊಂದರ ವೈದ್ಯನೂ ಆಗಿದ್ದವನು, ಇವುಗಳಲ್ಲಿ ಬಹುಪಾಲು ಭಯದಿಂದ ನರಗಳಿಗೆ ಉಂಟಾದ ಆಘಾತವೇ ಹೊರತು ಬೆನ್ನುಹುರಿಯ ಕೇಡಲ್ಲವೆಂದು ಎದುರುತ್ತರ ಬರೆದನು. ಬೆನ್ನುಹುರಿಯ ವಿಷಯದಲ್ಲಿ ಪೇಜನ ಶಂಕೆ ನಿರಾಧಾರವಾದುದಲ್ಲ. ಆದರೆ ವಾದವು ಬೆನ್ನುಹುರಿ, ಮನಸ್ಸು ಎಂಬ ಎರಡು ಕೋಟಿಗಳ ನಡುವೆಯೇ ತೂಗಾಡಿತು. ಬೆನ್ನು ಕತ್ತುಗಳ ಪೇಶಿಗಳೂ ಸಂಧಿಗಳೂ ತಾವೇ ಒಂದು ಇಂದ್ರಿಯವಾಗಿರಬಹುದು, ಆ ಇಂದ್ರಿಯ ಕೆಟ್ಟಿರಬಹುದು ಎಂಬ ಮೂರನೆಯ ಪಕ್ಷವನ್ನು ಹಿಡಿಯುವವರು ಅಲ್ಲಿ ಇರಲಿಲ್ಲ. ಮೈಮೇಲೆ ಗಾಯ ತೋರಿಸಲಾರದವನು ಸುಳ್ಳುಗಾರನಾದನು, ಇಲ್ಲವೆ ಪುಕ್ಕಲನಾದನು.

ಆ ಮೂರನೆಯ ಪಕ್ಷದ ಬೀಜವು ಆಗಲೇ ಬಿತ್ತಲ್ಪಟ್ಟಿತ್ತು. ಚಾರ್ಲ್ಸ್ ಬೆಲ್ಲನು 1826ರಲ್ಲಿಯೇ ಮಿದುಳಿನಿಂದ ಪೇಶಿಗೆ ಆಜ್ಞೆಯನ್ನು ಒಯ್ಯುವ ನರವಲ್ಲದೆ, ಪೇಶಿಯ ಅವಸ್ಥೆಯನ್ನು ಮಿದುಳಿಗೆ ತಿಳಿಸುವ ನರವೂ ಇದ್ದು ಎರಡೂ ಸೇರಿ ಒಂದು ವರ್ತುಲವಾಗುವುದೆಂದು ಹೇಳಿದ್ದನು. ಜರ್ಮನಿಯ ರೋಮ್‌ಬರ್ಗನು 1840ರ ದಶಕದಲ್ಲಿ ಬೆನ್ನುಹುರಿ ಕೆಟ್ಟ ರೋಗಿಗಳನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರೆ ಅವರು ಓಲಾಡಿ ಬೀಳುವರೆಂಬ ಪರೀಕ್ಷೆಯನ್ನು ಪ್ರಸಿದ್ಧಪಡಿಸಿದನು. ಕಿವಿ ನೆಟ್ಟಗಿದೆ, ಮಿದುಳು ನೆಟ್ಟಗಿದೆ. ಅಂಗಾಂಗಗಳ ವಾರ್ತೆ ಮಾತ್ರ ಮೇಲಕ್ಕೆ ಮುಟ್ಟುತ್ತಿಲ್ಲ. ಇದುವರೆಗೆ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತಿತ್ತು. 1906ರಲ್ಲಿ ಷೆರಿಂಗ್‌ಟನ್ನನು ತನ್ನ ಅಂಗಗಳ ಸ್ಥಿತಿಯನ್ನು ತಾನೇ ತಿಳಿಯುವ ಈ ಶಕ್ತಿಯನ್ನು ಶಾಸ್ತ್ರಬದ್ಧವಾಗಿ ನಿರೂಪಿಸಿ ಅದಕ್ಕೆ ಹೆಸರನ್ನೂ ರೂಢಿಗೆ ತಂದನು. ಕನ್ನಡದಲ್ಲಿ ಅದನ್ನು ಸ್ವಾಂಗಸ್ಥಿತಿಜ್ಞಾನವೆಂದು ಕರೆಯಬಹುದು.

ಆದರೆ ಕೈಕಾಲುಗಳ ಸ್ವಾಂಗಸ್ಥಿತಿಜ್ಞಾನಕ್ಕಿಂತ ಕತ್ತಿನದು ವಿಶೇಷವೇಕೆ? ಊರಿನ ತೇರನ್ನು ನೆನೆದುಕೊಂಡರೆ ಉತ್ತರ ತಿಳಿಯುವುದು. ಎತ್ತರದ ಕಲಶವೊಂದನ್ನೇ ನೋಡುವವನಿಗೆ ಅದು ವಾಲಿದುದು ಕಾಣುವುದು. ಆದರೆ ತೇರೇ ವಾಲಿತೋ, ಕಲಶವು ಮಾತ್ರ ತನ್ನ ಬುಡದಲ್ಲಿ ವಾಲಿತೋ ಎಂಬುದು ಅಷ್ಟರಿಂದ ತಿಳಿಯದು. ಕಲಶವನ್ನು ಕಟ್ಟಿರುವ ಸ್ಥಳವನ್ನು ನೋಡಬೇಕು. ಒಳಕಿವಿಯು ತಲೆಯಲ್ಲಿದೆ. ತಲೆ ವಾಲಿತೆಂದು ಅದು ಹೇಳಬಲ್ಲುದು. ಮೈಯೆಲ್ಲ ಬೀಳುತ್ತಿದೆಯೋ, ತಲೆಯನ್ನು ಮಾತ್ರ ಓರೆಮಾಡಿದೆಯೋ ಎಂಬುದನ್ನು ಹೇಳತಕ್ಕುದು ಕತ್ತು. ಎರಡು ವಾರ್ತೆಗಳೂ ಹೊಂದಿಕೊಂಡರೆ ದೇಹ ನಿಶ್ಚಿಂತವಾಗಿ ನಿಲ್ಲುವುದು. ಕತ್ತು ತಪ್ಪು ವಾರ್ತೆಯನ್ನು ಕಳುಹಿಸಿದರೆ ಬೀಳದಿದ್ದರೂ ಬೀಳುತ್ತಿರುವಂತೆ ತೋರುವುದು. ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಮಾಗ್ನುಸನು ತನ್ನ ಸಹೋದ್ಯೋಗಿಯಾದ ಡ ಕ್ಲೈನನೊಡನೆ 1912ರಿಂದ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದುವು. ಮೇಲ್ಮಿದುಳಿನ ಸಂಬಂಧ ಕಡಿದ ಪ್ರಾಣಿಯ ಕತ್ತನ್ನು ತಿರುಗಿಸಿದೊಡನೆ ಅದರ ನಾಲ್ಕು ಕಾಲುಗಳ ಬಿಗಿತವೂ ಒಂದು ನಿಯಮಕ್ಕೆ ಒಳಪಟ್ಟು ಬದಲಾಗುವುದು. ಕಿವಿಯ ಪ್ರಭಾವ ಬೇರೆ, ಕತ್ತಿನ ಪ್ರಭಾವ ಬೇರೆ ಎಂದು ಎರಡನ್ನೂ ಬಿಡಿಸಿ ತೋರಿಸಬಹುದು. 1924ರಲ್ಲಿ ಅವನು ಪ್ರಕಟಿಸಿದ ದೇಹದ ನಿಲುವನ್ನು ಕುರಿತ ಗ್ರಂಥದಲ್ಲಿ ಇವೆಲ್ಲ ಸಂಗ್ರಹವಾಗಿವೆ. ಲೊಂಜೆಯು ಕತ್ತನ್ನು ತಲೆಗೆ ಊರೆಯೆಂದು ಮಾತ್ರ ಬಗೆದಿದ್ದನು. ಎಂಬತ್ತು ವರ್ಷಗಳೊಳಗೆ ಅದು ಜ್ಞಾನೇಂದ್ರಿಯಸ್ಥಾನಕ್ಕೆ ಏರಿತು.

ಪೇಶಿಗಳೊಳಗೆ ಹುದುಗಿರುವ ಕದಿರಿನಾಕಾರದ ಸೂಕ್ಷ್ಮಾಂಗಗಳು ಈ ವಾರ್ತೆಯನ್ನು ಹೊರಡಿಸತಕ್ಕವು. ಅವು ತಲೆಬುರುಡೆಯ ಬುಡದಲ್ಲಿರುವ ಸಣ್ಣ ಸಣ್ಣ ಪೇಶಿಗಳಲ್ಲಿ ಬಹು ದಟ್ಟವಾಗಿರುವುವು. ಮನುಷ್ಯಭ್ರೂಣಗಳ ಈ ಪೇಶಿಗಳಲ್ಲಿ ಅವುಗಳನ್ನು ಎಣಿಸಿದ ಒಂದು ಪ್ರಬಂಧವು ವೆಲ್ಲೂರಿನ ವೈದ್ಯಕಾಲೇಜಿನಿಂದ 2001ರಲ್ಲಿ ಹೊರಬಂದಿತು. ತಲೆಯೂ ಕತ್ತೂ ಕೂಡುವ ಆ ಪ್ರದೇಶವು ಸುಶ್ರುತನು ಕೃಕಾಟಿಕವನ್ನು ಹೇಳಿದ ಪ್ರದೇಶವೇ. ಅವನಿಗೆ ಆ ಸೂಕ್ಷ್ಮಾಂಗಗಳು ತಿಳಿದಿರಲಿಲ್ಲ, ತಿಳಿದಿರುವ ಸಂಭವವೂ ಇಲ್ಲ. ಆ ಸ್ಥಳವನ್ನು ಅಲಕ್ಷಿಸಬಾರದೆಂಬುದು ತಿಳಿದಿತ್ತು.

ಮನುಷ್ಯರಲ್ಲಿ ಈ ವಿಷಯವು ವೈದ್ಯರ ಚರ್ಚೆಗೆ ಬಂದುದು 1955ರಲ್ಲಿ ರಯನ್, ಕೋಪ್ ಎಂಬಿಬ್ಬರು 'ಗ್ರೀವಾಜನ್ಯ ಭ್ರಮೆ' ಎಂಬರ್ಥದ ಹೆಸರಿನ ಲೇಖನವನ್ನು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದಂದಿನಿಂದ ಎನ್ನಬಹುದು. ಅತ್ಯಂತ ಬಲವಾದ ಪ್ರಮಾಣವು 1977ರಲ್ಲಿ ದೊರೆಯಿತು. ಡ ಯೋಂಗ್ ಮೊದಲಾದವರು ಆರೋಗ್ಯವಂತರ ಕತ್ತಿನ ಮೇಲ್ಭಾಗದ ಆಳಕ್ಕೆ ಒಂದು ಪಕ್ಕದಲ್ಲಿ ಜೋಮುಬರಿಸುವ ಮದ್ದನ್ನು ಚುಚ್ಚಿದರು. ಮದ್ದು ಹತ್ತಿದೊಡನೆ ಆ ಮನುಷ್ಯರು ಕಾಲನ್ನು ಅಗಲಿಸಿಕೊಂಡು ತೂರಾಡುತ್ತ ನಡೆದರು. ಚುಚ್ಚಿದ ಪಕ್ಕಕ್ಕೆ ತಮ್ಮನ್ನು ಯಾರೋ ಸೆಳೆಯುವಂತೆ, ಬೀಳುವಂತೆ ಆಯಿತೆಂದರು. ಮದ್ದಿಳಿದ ಮೇಲೆ ಸರಿಹೋದರು. ಕಿವಿ ಮಿದುಳುಗಳಲ್ಲಿ ರೋಗವಿಲ್ಲದವನು ಕತ್ತಿನ ವಾರ್ತೆ ಕೆಟ್ಟ ಮಾತ್ರಕ್ಕೆ ಹೀಗಾಗುವನೆಂಬುದು ಇದರಿಂದ ಸಿದ್ಧವಾಯಿತು. ಇಷ್ಟಾದರೂ ಗ್ರೀವಾಜನ್ಯ ಭ್ರಮೆಯೆಂಬ ರೋಗವನ್ನು ಪ್ರತ್ಯೇಕವಾಗಿ ಎಣಿಸಬೇಕೇ ಎಂಬ ವಿವಾದ ಇನ್ನೂ ಮುಗಿದಿಲ್ಲ. ಇದೆಯೆಂದು ನಿಶ್ಚಯಿಸುವ ಒಂದೇ ಪರೀಕ್ಷೆ ಇಲ್ಲದಿರುವುದರಿಂದ ಬೇರೆ ಕಾರಣಗಳನ್ನೆಲ್ಲ ಕಳೆದು ಉಳಿದುದನ್ನು ಹಿಡಿಯಬೇಕಾಗಿದೆ. ತಲೆಸುತ್ತು ಬಂದವರೆಲ್ಲರಿಗೂ ಕತ್ತಿನ ಪಟ್ಟಿ ಕಟ್ಟುವ ಉತ್ಸಾಹಿಗಳಿಗಿಂತ ಈ ಶಂಕೆಯವರೇ ಮೇಲು. ಮಿದುಳಿನ ರಕ್ತಸಂಚಾರ ಕೆಟ್ಟವನ ತಲೆಸುತ್ತನ್ನು ಕತ್ತಿನ ಮೇಲೆ ಹೊರಿಸಿದರೆ ಪ್ರಾಣಾಪಾಯವುಂಟು.

ಕೆಳಬೆನ್ನಿನ ಚರಿತ್ರೆ ಇನ್ನೂ ಈಚಿನದು. 1967ರಲ್ಲಿ ಮಾಸ್ಕೋ ನಗರದ ಬೆಲೆಂಕಿ, ಗುರ್ಫಿಂಕೆಲ್, ಪಾಲ್ಟ್ಸೆವ್ ಎಂಬುವರು, ನಿಂತಿರುವ ಮನುಷ್ಯನು ಕೈಯೆತ್ತುವುದಕ್ಕೆ ಮುಂಚೆಯೇ ಅವನ ಕಾಲು ನಡುಗಳ ಪೇಶಿಗಳು ಎಚ್ಚತ್ತು ದೇಹವನ್ನು ಅಣಿಗೊಳಿಸುವುವೆಂದು ತೋರಿಸಿದರು. ಕೈ ಎತ್ತಿದರೆ ದೇಹದ ಭಾರ ಮುಂದಕ್ಕೆ ಜರುಗುವುದಷ್ಟೆ. ಜರುಗಿದ ಮೇಲೆ ಸರಿಪಡಿಸಿಕೊಳ್ಳುವುದಲ್ಲ, ಜರುಗುವ ಮೊದಲೇ ಸಿದ್ಧವಾಗುವುದು ದೇಹದ ಕ್ರಮ. 1996ರಲ್ಲಿ ಆಸ್ಟ್ರೇಲಿಯಾದ ಹಾಜಸ್, ರಿಚರ್ಡ್‌ಸನ್ ಇವರು ಸೊಂಟನೋವಿನವರಲ್ಲಿ ಇದೇ ಪರೀಕ್ಷೆ ನಡೆಸಿದಾಗ ಹೊಟ್ಟೆಯ ಒಳಪದರದ ಅಡ್ಡಪೇಶಿಯು ತಡವಾಗಿ ಎಚ್ಚರಗೊಳ್ಳುವುದು ಕಂಡಿತು. ನೋವಿನಿಂದ ಈ ತಡವೋ, ತಡದಿಂದ ನೋವೋ? 2003ರಲ್ಲಿ ಹಾಜಸನೂ ಅವನ ಸಹಾಯಕರೂ ನೋವಿಲ್ಲದವರ ಬೆನ್ನಿನ ಪೇಶಿಗೆ ಉಪ್ಪುನೀರನ್ನು ಚುಚ್ಚಿ ತಾತ್ಕಾಲಿಕವಾಗಿ ನೋಯಿಸಿ ನೋಡಲಾಗಿ, ನಡುವಿನ ಪೇಶಿಗಳ ಈ ಮುನ್ಸಿದ್ಧತೆ ಕೂಡಲೇ ಮಾರ್ಪಟ್ಟಿತು. ನೋವು ತಾನೇ ನಿಲುವನ್ನು ಕೆಡಿಸಬಲ್ಲುದೆಂದು ತಿಳಿಯಿತು. ಅದೊಂದೇ ಕಾರಣವೆಂದು ಇದರಿಂದ ಹೇಳಲಾಗದು.

ನಿಲುವಿನ ಓಲಾಟವನ್ನು ಅಳೆಯುವ ಪ್ರಯತ್ನವು 19ನೆಯ ಶತಮಾನದಲ್ಲಿಯೇ ತಲೆಗೆ ಕಟ್ಟಿದ ಕಡ್ಡಿಯಿಂದ ಮಸಿಹಿಡಿಸಿದ ಕಾಗದದ ಮೇಲೆ ಗೆರೆ ಎಳೆಯಿಸುವ ಉಪಾಯದಿಂದ ಮೊದಲಾಯಿತು. ಎಷ್ಟು ಆರೋಗ್ಯವಂತನಾದರೂ ಅಲ್ಲಾಡದೆ ನಿಲ್ಲಲಾರನೆಂಬುದು ಆ ಗೆರೆಗಳಿಂದಲೇ ಗೊತ್ತಾಗಿತ್ತು. ಈಗ ಪಾದದ ಕೆಳಗಣ ಒತ್ತಡವನ್ನು ಅಳೆಯುವ ಹಲಗೆಯಂತ್ರಗಳಿವೆ. ಬಿಲ್, ಸಿನಟ್ ಎಂಬಿಬ್ಬರು 1991ರಲ್ಲಿ ಸೊಂಟನೋವಿನ ನಡುವಯಸ್ಸಿನವರು ಇತರರಿಗಿಂತ ಹೆಚ್ಚು ಓಲಾಡುವರೆಂದು ವರದಿಮಾಡಿದರು. ಇಂಥ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ರೂಹೆ ಮೊದಲಾದವರು 2011ರಲ್ಲಿ ಅದೇ ನಿರ್ಣಯಕ್ಕೆ ಬಂದರು. ಆದರೆ 2013ರಲ್ಲಿ ಮಜಾಹೆರಿ ಮೊದಲಾದವರ ಪರಿಶೀಲನೆಯಲ್ಲಿ ಫಲಗಳು ಒಂದಕ್ಕೊಂದು ಹೊಂದಲಿಲ್ಲ. ಕೆಲವು ಪರೀಕ್ಷೆಗಳಲ್ಲಿ ನೋವಿನವರು ಇತರರಿಗಿಂತ ಕಡಿಮೆ ಓಲಾಡಿದ್ದರು!

ಈ ವಿರೋಧವನ್ನು ಪರಿಹ�ರಿಸುವಾಗ ಓಲಾಟ ಕಡಿಮೆಯಾದರೆ ಸ್ಥೈರ್ಯ ಹೆಚ್ಚಿತೆಂದು ಭಾವಿಸಬಾರದು. ನೋವಿಗೆ ಅಂಜಿದವನು ಬೆನ್ನನ್ನು ಕಂಬದಂತೆ ಸೆಟೆದು ನಿಲ್ಲಿಸುವನು. ಬೆಲ್ಜಿಯಮ್ಮಿನ ಲೂವೆನ್ ನಗರದ ಬ್ರುಮಾನ್ಯ ಮೊದಲಾದವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೇಶಿಗಳನ್ನು ಯಂತ್ರದಿಂದ ಕಂಪಿಸಿ ಸುಳ್ಳು ವಾರ್ತೆ ಹೊರಡಿಸಿದಾಗ, ಸೊಂಟನೋವಿನವರು ಬೆನ್ನಿನ ವಾರ್ತೆಯನ್ನು ಅಷ್ಟಾಗಿ ನೆಚ್ಚದೆ ಹರಡಿನ ವಾರ್ತೆಯನ್ನೇ ಹೆಚ್ಚಾಗಿ ನೆಚ್ಚಿ ನಿಂತಿರುವರೆಂದು ಕಂಡಿತು. ಸಮನೆಲದ ಮೇಲೆ ಈ ಉಪಾಯ ಸಾಗುವುದು. ನೆಲ ಮೆತ್ತಗಿದ್ದರೆ, ಜಾರಿದರೆ, ಹರಡಿನ ವಾರ್ತೆ ಮೋಸಮಾಡುವುದು; ಆಗ ಸೆಟೆದ ಬೆನ್ನು ಬಾಗಿ ತೂಗಿಕೊಳ್ಳಲಾರದು. ಪ್ರಾಚೀನರು ಈ ವ್ಯಾಧಿಗಳನ್ನು ಶೂಲವೆಂದು ಕರೆಯದೆ ಗ್ರಹ, ಸ್ತಂಭವೆಂದು ಕರೆದುದು ಈ ದೃಷ್ಟಿಯಿಂದ ಎಷ್ಟು ಅನ್ವರ್ಥಕವೆಂಬುದನ್ನು ವಾಚಕರೇ ವಿಚಾರಿಸಬಹುದು.

ಇದು ಕೇವಲ ಪ್ರಯೋಗಶಾಲೆಯ ಕುತೂಹಲವಲ್ಲ. ಬಾಸ್ಟನ್ ನಗರದಲ್ಲಿ 70 ವರ್ಷ ತುಂಬಿದ 749 ಮಂದಿಯನ್ನು ಅನುಸರಿಸಿ 2009ರಲ್ಲಿ ಪ್ರಕಟವಾದ ವರದಿಯಂತೆ, ಮೈಯಲ್ಲಿ ಬಹುಕಾಲದ ನೋವುಳ್ಳವರು ಇಲ್ಲದವರಿಗಿಂತ ಹೆಚ್ಚಾಗಿ ಬಿದ್ದರು. ಎರಡು ಮೂರು ಕಡೆ ನೋವುಳ್ಳವರು ಇನ್ನೂ ಹೆಚ್ಚು. ವೃದ್ಧರಿಗೆ ಬೀಳುವುದೆಂದರೆ ತೊಡೆಯ ಮೂಳೆ ಮುರಿಯುವುದು, ಹಾಸಿಗೆ ಹಿಡಿಯುವುದು. ಸೊಂಟನೋವಿನ ಮುದುಕಿಯು ನಡುಮನೆಯ ಹೊಸ್ತಿಲು ದಾಟುವಾಗ ಗೋಡೆ ಹಿಡಿಯುವುದನ್ನು ಮನೆಯವರು ಮುಪ್ಪಿನ ಅಂಜಿಕೆಯೆಂದು ತಳ್ಳಿಹಾಕುವುದುಂಟು. ಅವಳು ಹೇಳುತ್ತಿರುವುದು ತನ್ನ ಬೆನ್ನಿನಿಂದ ಬರುತ್ತಿರುವ ವಾರ್ತೆಯನ್ನು.

ಚಿಕಿತ್ಸೆಯ ವಿಷಯವಾಗಿ ಎರಡು ಮಾತು. ಫ್ರಾನ್ಸಿನಲ್ಲಿ ರೆವೆಲ್ ಮೊದಲಾದವರು 1991ರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಏರ್ಪಡಿಸಿದರು. ರೋಗಿಯ ತಲೆಗೆ ಬೆಳಕಿನ ಕಿರಣ ಬೀರುವ ಟೋಪಿಯನ್ನು ತೊಡಿಸಿ ಎದುರಿನ ಗುರಿಗೆ ನೇರವಾಗಿ ಕೂಡಿಸುವರು. ಅವನು ಕಣ್ಣಿನ ಸಹಾಯವಿಲ್ಲದೆ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮೊದಲಿನ ಸ್ಥಾನಕ್ಕೆ ತರಬೇಕು. ಕತ್ತುನೋವುಳ್ಳವರ ಕಿರಣವು ಇತರರದಕ್ಕಿಂತ ಗುರಿಯಿಂದ ದೂರ ಬೀಳುವುದೆಂದು ಅವರು ತೋರಿಸಿದರು. ತಲೆ ನೆಟ್ಟಗಿದೆಯೆಂದು ಅವನು ಭಾವಿಸಿರುವನು, ನೆಟ್ಟಗಿಲ್ಲ. 1994ರಲ್ಲಿ ಅವರೇ ಕಣ್ಣು ತಲೆಗಳ ಚಲನೆಯನ್ನು ಹೊಂದಿಸುವ ಅಭ್ಯಾಸವನ್ನು ಕೆಲವು ವಾರ ಮಾಡಿಸಿ, ಮಾಡದವರೊಡನೆ ಹೋಲಿಸಿ, ಗುರಿಯ ತಪ್ಪೂ ನೋವೂ ಕಡಿಮೆಯಾದುವೆಂದು ಪ್ರಕಟಿಸಿದರು. ಸ್ವೀಡನ್ನಿನಲ್ಲಿ ಕಾರ್ಲ್‌ಬರ್ಗ್ ಮೊದಲಾದವರು 1996ರಲ್ಲಿ, ಕತ್ತುನೋವಿನೊಡನೆ ತಲೆಸುತ್ತಿದ್ದು ಬೇರೆ ಯಾವ ಕಾರಣವೂ ಕಾಣದ ಕೆಲವು ರೋಗಿಗಳನ್ನು ಆರಿಸಿಕೊಂಡರು. ಅವರ ಕಿವಿಗೆ ಯಾವ ಚಿಕಿತ್ಸೆಯನ್ನೂ ಮಾಡಲಿಲ್ಲ. ಕತ್ತಿಗೆ ಮಾತ್ರ ಅಂಗಮರ್ದನ ವ್ಯಾಯಾಮಾದಿಗಳನ್ನು ಮಾಡಿಸಿದರು. ನೋವು ಇಳಿಯಿತು, ತಲೆಸುತ್ತು ಇಳಿಯಿತು, ಹಲಗೆಯಂತ್ರದ ಮೇಲೆ ನಿಂತಾಗ ಅವರ ಓಲಾಟವೂ ಮೊದಲಿಗಿಂತ ತಗ್ಗಿತು.